ಖಾಲಿ ಬೋರ್ಡಿನ ಬಾಗಿಲು

ಮಾರ್ಚ್ ೬, ಶುಕ್ರವಾರ

ಹಡಗು ಹತ್ತಿದ್ದಾಯಿತು. ಇನ್ನು ಹತ್ತು ದಿನ ಇದರ ಹೊಟ್ಟೆಯೊಳಗೆ ಕೂತಿರಬೇಕು. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮಗಳೂ ಅಳಿಯನೂ ಸೇರಿ ಈ ಶಿಕ್ಷೆ ಕೊಡಿಸಿದ್ದಾರೆ. ಅಷ್ಟು ಸಾಲದೆಂಬಂತೆ ನನ್ನ ಹೆಂಡತಿಯ ತಮ್ಮನನ್ನೂ ಕರೆತಂದಿದ್ದಾರೆ. ಆ ಭಾವಮೈದುನ ಬಾಯಿ ಮುಚ್ಚಿದ್ದನ್ನು ಈ ನಲವತ್ತು ವರ್ಷದಲ್ಲಿ ನಾನು ನೋಡಿಲ್ಲ, ನಿದ್ದೆಯಲ್ಲೂ ನೋಡಿಲ್ಲ.

ನಮ್ಮ ಅಂತಸ್ತಿನಲ್ಲಿ ಒಂದು ಉದ್ದನೆಯ ಓಣಿ. ಎರಡೂ ಕಡೆ ಕ್ಯಾಬಿನ್ ಬಾಗಿಲುಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಿಳಿ. ಮೂವತ್ತೆಂಟು ವರ್ಷ ಬೋರ್ಡ್ ಬರೆದು ಹೊಟ್ಟೆ ಹೊರೆದವನು ನಾನು. ಅಷ್ಟು ಚೊಕ್ಕ ಬಿಳಿ ಕಂಡರೆ ಖುಷಿಯಾಗಬೇಕಿತ್ತು. ಆದರೆ ಜನ ಅದನ್ನು ಹಾಗೇ ಬಿಟ್ಟರೆ ತಾನೆ? ತಮ್ಮ ಬಾಗಿಲು ಯಾವುದೆಂದು ಗುರುತು ಸಿಗಲಿ ಅಂತ ಸಿಂಗಾರ ಮಾಡುವುದು ಇಲ್ಲಿಯ ಚಾಳಿಯಂತೆ. ಹತ್ತಿದ ಒಂದು ಗಂಟೆಯಲ್ಲಿ ಓಣಿಯೆಲ್ಲ ಗಬ್ಬೆದ್ದು ಹೋಯಿತು. ಎದುರು ಬಾಗಿಲಿಗೆ ಬಲೂನುಗಳ ಗೊಂಚಲು. ಯಾರಾದರೂ ಹಾದುಹೋದರೆ ಸಾಕು, ಒಂದಕ್ಕೊಂದು ಉಜ್ಜಿ ಕಿರ್ ಎನ್ನುತ್ತವೆ, ನನ್ನ ಹಲ್ಲು ಜುಮ್ಮೆನ್ನುತ್ತದೆ. ಅದರ ಪಕ್ಕದ ಬಾಗಿಲಲ್ಲಿ ಗಂಡ ಹೆಂಡತಿ ತುಟಿ ಮುಂದೆ ಚಾಚಿಕೊಂಡಿರುವ ಆಳೆತ್ತರದ ಫೋಟೋ. ನೋಡಿದ ಕಣ್ಣು ತೊಳೆದುಕೊಳ್ಳಬೇಕು. ಓಣಿಯ ಕೊನೆಯಲ್ಲಿ ಎಂಟು ಕಾಲಿನ ಪ್ಲಾಸ್ಟಿಕ್ ಆಕ್ಟೋಪಸ್, ಅದರ ಮೈತುಂಬ ಮಿನುಗು ಪುಡಿ. ಆ ಪುಡಿ ನೆಲಗಂಬಳಿಗೆ ಉದುರಿ, ಚಪ್ಪಲಿಗೆ ಅಂಟಿ, ನನ್ನ ಹಾಸಿಗೆಯವರೆಗೂ ಬಂದಿದೆ. ಇನ್ನು ಅಕ್ಷರಗಳ ಮಾತಂತೂ ಬೇಡವೇ ಬೇಡ. ಕಂಪ್ಯೂಟರಿನಲ್ಲಿ ಎಳೆದು ಹಿಗ್ಗಿಸಿದ ಅಕ್ಷರಗಳು, ತಲಕಟ್ಟು ಒಂದು ಕಡೆ, ಹೊಟ್ಟೆ ಒಂದು ಕಡೆ. ಥೂ.

ಇವರನ್ನೆಲ್ಲ ಬೈದುಕೊಳ್ಳುತ್ತಾ ಒಳಗೆ ಬಂದರೆ ನನ್ನ ಹೆಂಡತಿ ಚೀಲ ಬಿಚ್ಚುತ್ತಿದ್ದಾಳೆ. ಒಳಗಿಂದ ಬಟ್ಟೆಯಲ್ಲಿ ಹೊಲಿದ ಹೂಗಳು, ಎಲೆಗಳು, ಎರಡು ಗುಬ್ಬಿ. ಒಂದೊಂದರ ಬೆನ್ನಿಗೂ ಅಯಸ್ಕಾಂತದ ಬಿಲ್ಲೆ. ಬಾಗಿಲು ಕಬ್ಬಿಣದ್ದು, ಗೋಂದು, ಟೇಪು, ಮೊಳೆ ಯಾವುದನ್ನೂ ಹಡಗಿನವರು ಬಿಡುವುದಿಲ್ಲ, ಅಯಸ್ಕಾಂತ ಮಾತ್ರ ನಡೆಯುತ್ತದೆ ಎಂದು ಎಲ್ಲ ವಿಚಾರಿಸಿಕೊಂಡೇ ಬಂದಿದ್ದಾಳೆ. ಎರಡು ತಿಂಗಳಿಂದ ನಾನು ಹತ್ತಿರ ಬಂದಾಗಲೆಲ್ಲ ಮಡಿಲಲ್ಲಿ ಬಚ್ಚಿಡುತ್ತಿದ್ದದ್ದು ಇದನ್ನೇ. ಕೊನೆಗೆ ಒಂದು ತಗಡು ಹೊರಗೆ ತೆಗೆದಳು. ನೋಡಿದ ಕೂಡಲೇ ಗುರುತು ಹತ್ತಿತು, ನನ್ನ ಅಂಗಡಿಯದೇ ತಗಡು. ಬೀಗ ಹಾಕಿ ಎರಡು ವರ್ಷವಾದ ಅಂಗಡಿಯನ್ನು ನನಗೆ ಹೇಳದೆ ತೆಗೆಸಿ, ತಗಡು ಹುಡುಕಿ, ತಾನೇ ಬಿಳಿ ಬಳಿದಿದ್ದಾಳೆ. ಬ್ರಷ್ಷಿನ ಗೆರೆ ಎದ್ದು ಕಾಣುತ್ತಿದೆ. ಒಂದು ಮೂಲೆಯಲ್ಲಿ ಬಣ್ಣ ಇಳಿದು ಗಡ್ಡೆ ಕಟ್ಟಿದೆ.

“ಗುರುವಾರ ನಮ್ಮ ದಿನ. ಅಷ್ಟರೊಳಗೆ ಇದ್ರ ಮೇಲೆ ನಮ್ಮಿಬ್ಬರ ಹೆಸರು ಬರ್ದುಕೊಡಿ,” ಅಂದಳು. “ಹೂವೆಲ್ಲ ನಂದು, ಅಕ್ಷರ ನಿಮ್ದು.”

“ಈ ಮಕ್ಕಳಾಟಕ್ಕೆಲ್ಲ ನಾನು ಬ್ರಷ್ ಮುಟ್ಟಲ್ಲ.”

“ಇನ್ನೂ ಆರು ದಿನ ಇದೆ ಬಿಡಿ,” ಎಂದು ತಗಡನ್ನು ಅಯಸ್ಕಾಂತದಿಂದ ಬಾಗಿಲಿನ ನಟ್ಟನಡುವೆ ಅಂಟಿಸಿ, ಸುತ್ತಲೂ ಹೂವು ಜೋಡಿಸಿದಳು. ಹೂವಿನ ನಡುವೆ ಖಾಲಿ ಬಿಳಿ ತಗಡು. ಹೋಗುವವರು ಬರುವವರು ನಿಂತು ನೋಡುತ್ತಾರೆ.

ಬರೆಯುವುದಿಲ್ಲ. ಇವರೆಲ್ಲರ ಕಣ್ಣೆದುರು ಬ್ರಷ್ ಹಿಡಿಯುವ ಮಾತೇ ಇಲ್ಲ. ಹಿಡಿದರೆ ಉಳಿದಿರುವ ಮರ್ಯಾದೆಯೂ ಮೂರಾಬಟ್ಟೆಯಾಗುತ್ತದೆ. ಪ್ಲಾಸ್ಟಿಕ್ ಬ್ಯಾನರ್ ಬಂದ ಮೇಲೆ ಕೈಬರಹಕ್ಕೆ ಬೆಲೆ ಇಲ್ಲ, ಅದಕ್ಕೇ ಅಂಗಡಿ ಮುಚ್ಚಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಹಾಗೆಯೇ ಇರಲಿ.

ಈ ಪುಟದಲ್ಲಿ ಅಕ್ಷರ ಸೊಟ್ಟಪಟ್ಟ ಬರುತ್ತಿದೆ. ಹಡಗು ಅಲ್ಲಾಡುತ್ತದೆ, ಅದಕ್ಕೆ.

ಮಾರ್ಚ್ ೭, ಶನಿವಾರ

ಊಟದ ಮನೆಯೋ ದನದ ದೊಡ್ಡಿಯೋ ತಿಳಿಯದು. ಸಾಲಾಗಿ ಪಾತ್ರೆ ಇಟ್ಟಿರುತ್ತಾರೆ, ಬೇಕಾದ್ದು ಬಡಿಸಿಕೊಳ್ಳಬೇಕು. ನನ್ನ ಮುಂದಿದ್ದವನು ಚಮಚ ನೆಕ್ಕಿ ನೋಡಿ, ರುಚಿ ಹಿಡಿಸದೆ, ಅದೇ ಚಮಚವನ್ನು ಪಾತ್ರೆಗೆ ವಾಪಸ್ಸು ಇಟ್ಟ. ಇನ್ನೊಬ್ಬಳು ಬ್ರೆಡ್ಡನ್ನೆಲ್ಲ ಒತ್ತಿ ಒತ್ತಿ ನೋಡಿದಳು, ತಲೆದಿಂಬು ಕೊಳ್ಳುವವಳ ಹಾಗೆ. ಅಲ್ಲಿಗೆ ನನ್ನ ಹಸಿವು ಸತ್ತಿತು. ಸೂಪ್ ತಂದರು, ಮುಟ್ಟಲಿಲ್ಲ. ಸೂಪ್ ಎಂದರೆ ಮೊದಲೇ ನನಗಾಗದು. ಮೊದಲು ಎಂದರೆ, ಈಚೆಗೆ.

ಹೆಂಡತಿಯ ಜಿಪುಣತನ ಸಮುದ್ರಕ್ಕೆ ಬಂದರೂ ಬಿಡಲಿಲ್ಲ. ಇಲ್ಲಿ ಟೀ ಬೇಕಾದಷ್ಟು ಸುರಿಯುತ್ತಾರೆ. ಅಂಥ ಕಡೆಯೂ ಬಡಿಸುವವನನ್ನು ಕರೆದು, “ಇವ್ರಿಗೆ ಅರ್ಧ ಲೋಟ ಸಾಕಪ್ಪ,” ಎನ್ನುತ್ತಾಳೆ. ಮನೆಯಲ್ಲೂ ಎರಡು ವರ್ಷದಿಂದ ಇದೇ ಕಥೆ. ಅರ್ಧ ಲೋಟ ಕೊಡುವುದು, ಅದು ಮುಗಿದ ಮೇಲೆ ಇನ್ನರ್ಧ ಕೊಡುವುದು. ಒಂದೇ ಸಲ ತುಂಬಿಸಿ ಕೊಟ್ಟರೆ ಇವಳ ಗಂಟೇನು ಹೋಗುತ್ತದೋ ಕಾಣೆ. ಪ್ರವಾಸಕ್ಕೆಂದು ಹೊಸ ಅಂಗಿ ತಂದಿದ್ದಾಳೆ, ಐದಿವೆ, ಒಂದಕ್ಕೂ ಗುಂಡಿ ಇಲ್ಲ. ಎಲ್ಲ ತಲೆಯ ಮೇಲಿಂದ ಎಳೆದುಕೊಳ್ಳುವಂಥವು. ಕನ್ನಡಿಯಲ್ಲಿ ನೋಡಿಕೊಂಡರೆ ಮುದಿ ಮಗುವಿನ ಹಾಗೆ ಕಾಣುತ್ತೇನೆ.

ಬಾಗಿಲ ಮುಂದೆ ಭಾವಮೈದುನ ಸಿಕ್ಕಿದ, ಜೊತೆಗೆ ಮಗಳು, ಅಳಿಯ.

“ಏನ್ ಭಾವ, ಖಾಲಿ ಬೋರ್ಡು ನೇತುಹಾಕಿದ್ದೀರಿ? ಕ್ಯಾಬಿನ್ ಬಾಡಿಗೆಗೆ ಇದ್ಯಾ?”

ಅಳಿಯನೂ ನಕ್ಕ. ಮಗಳು, “ಅಪ್ಪ ಬರೀತಾರೆ ಬಿಡಿ ಮಾಮ. ಅಪ್ಪನ ಕೈ ಅಂದ್ರೆ ಸುಮ್ನೆನಾ?” ಅಂದಳು.

“ಕೈ ನೋಡಿದ್ರೆ ತಾನೆ? ಹಡಗು ಹತ್ತಿದಾಗಿಂದ ದೊಡ್ಡ ಸಾಹೇಬರ ಥರ ಜೇಬಲ್ಲೇ ಇದೆ,” ಅಂದ ಅವನು.

ಹೌದು, ಜೇಬಲ್ಲಿದೆ. ಸಮುದ್ರದ ಗಾಳಿ ತಣ್ಣಗಿದೆ.

ಮಾರ್ಚ್ ೮, ಭಾನುವಾರ

ಸಮುದ್ರ ಕೆರಳಿದೆ. ಕಕ್ಕುವವರಿಗೆ ಓಣಿಯ ಕಂಬಿಗಳಿಗೆ ಕಾಗದದ ಚೀಲ ಸಿಕ್ಕಿಸಿಟ್ಟಿದ್ದಾರೆ. ಭಾವಮೈದುನ ಮೂರು ಚೀಲ ತುಂಬಿಸಿದ, ಆದರೂ ನಡುನಡುವೆ ಮಾತಾಡಿದ. ಓಣಿಯ ತುಂಬ ಹುಳಿ ವಾಸನೆ, ಅದರ ಮೇಲೆ ಮಲ್ಲಿಗೆಯ ಸೆಂಟು ಹೊಡೆದಿದ್ದಾರೆ. ಬರೀ ವಾಸನೆಯೇ ವಾಸಿಯಿತ್ತು.

ಊಟದ ಮನೆಯಲ್ಲಿ ಎಲ್ಲರ ಕೈಯೂ ನಡುಗುತ್ತಿತ್ತು, ಎಲ್ಲರ ಟೀಯೂ ಬಟ್ಟೆಯ ಮೇಲೆ ಚೆಲ್ಲಿತು. ಯಾಕೋ ಇವತ್ತೊಂದು ದಿನ ಈ ಹಡಗು ಅಷ್ಟು ಕೆಟ್ಟದೆನಿಸಲಿಲ್ಲ.

ಮಾರ್ಚ್ ೧೦, ಮಂಗಳವಾರ

ಪಿತ್ತ ನೆತ್ತಿಗೇರಿದೆ. ತಿಂಡಿ ಮುಗಿಸಿ ಬಂದು ನೋಡಿದರೆ ಬೋರ್ಡು ಖಾಲಿ ಇಲ್ಲ. ಭಾವಮೈದುನ ಹಡಗಿನ ಅಂಗಡಿಯಿಂದ ಚಿನ್ನದ ಬಣ್ಣದ ಪ್ಲಾಸ್ಟಿಕ್ ಅಕ್ಷರ ತಂದು ನಮ್ಮಿಬ್ಬರ ಹೆಸರು ಅಂಟಿಸಿಬಿಟ್ಟಿದ್ದಾನೆ.

“ನಿಮ್ಗೆ ಪುರುಸೊತ್ತಿಲ್ಲ ಅಂತ ನಾನೇ ಮುಗಿಸಿಬಿಟ್ಟೆ ಭಾವ. ಹೆಂಗಿದೆ?”

ಹೇಗಿದೆಯಂತೆ! ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ. ನನ್ನ ಹೆಸರಿಗೂ ಇವಳ ಹೆಸರಿಗೂ ನಡುವೆ ಕೆಂಪು ಹೃದಯ, ಅದಕ್ಕೊಂದು ಬಾಣ. ಅವನು ಅತ್ತ ಹೋದದ್ದೇ ತಡ, ಉಗುರಿನಿಂದ ಕೀಳತೊಡಗಿದೆ. ಹೃದಯ ಸಲೀಸಾಗಿ ಬಂತು. ಅಕ್ಷರಗಳು ಬರಲಿಲ್ಲ. ಅಂಚು ಸಿಕ್ಕಿತು ಎನ್ನುವಷ್ಟರಲ್ಲಿ ಬೆರಳು ಜಾರುತ್ತಿತ್ತು. ಹಾಳು ಗೋಂದು ಉಗುರಿನ ಸಂದಿಗೆಲ್ಲ ಮೆತ್ತಿಕೊಂಡು ಸಿಂಬಳದ ಹಾಗೆ ನೂಲೆಳೆಯಿತು. ಎದುರಿನ ಬಲೂನು ದಂಪತಿ ಬಾಗಿಲು ತೆರೆದು, ನನ್ನನ್ನು ನೋಡಿ, ಮೆಲ್ಲಗೆ ಮುಚ್ಚಿಕೊಂಡರು.

ಅಷ್ಟರಲ್ಲಿ ಹೆಂಡತಿ ಬಂದಳು. ಅಷ್ಟು ಹೊತ್ತಿಗೆ ಕಿತ್ತುಬಂದ ಒಂದೇ ಅಕ್ಷರ, ಅವಳ ಹೆಸರಿನ ಮೊದಲನೆಯದು, ನನ್ನ ಕಾಲ ಬಳಿ ಬಿದ್ದಿತ್ತು.

“ಹೂವು ಅಸಹ್ಯ ಅಂದ್ರಿ, ಸುಮ್ನಿದ್ದೆ. ನನ್ನ ತಮ್ಮ ಅಸಹ್ಯ ಅಂದ್ರಿ, ಅದಕ್ಕೂ ಸುಮ್ನಿದ್ದೆ. ಈಗ ನನ್ನ ಹೆಸರೂ ಅಸಹ್ಯನಾ?”

“ಹೆಸರಲ್ಲ ಕಣೇ, ಅಕ್ಷರ! ಗೋಡೆಯೆತ್ತರ ಅಕ್ಷರ ಬರೆದವನು ನಾನು. ಈ ಕಸದ ಜೊತೆ ಬದುಕ್ಬೇಕಾ?”

“ಹಾಗಾದ್ರೆ ನೀವೇ ಬರೀರಿ.”

“ಬರೆಯಲ್ಲ ಅಂದೆನಲ್ಲ.”

ಅವಳು ಬಗ್ಗಿ ನೆಲದಿಂದ ಆ ಅಕ್ಷರ ಎತ್ತಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. “ಊರಿಗೆಲ್ಲ ಹೆಸರು ಬರೆದ್ರಿ. ನನ್ನ ಹೆಸರು ಒಂದ್ಸಲ ಬರೆದಿದ್ದೀರಾ? ಯಾವ್ದಾದ್ರೂ ಗೋಡೆ ಮೇಲೆ? ಹೋಗ್ಲಿ, ಒಂದು ಡಬ್ಬಿ ಮೇಲೆ?”

ಅವಳು ಒಳಗೆ ಹೋಗಿ ತಲೆಗೆ ಹಚ್ಚುವ ಎಣ್ಣೆಯ ಶೀಶೆ, ಹತ್ತಿ ತಂದಳು. ಅಕ್ಷರಗಳ ಸುತ್ತ ಎಣ್ಣೆ ಸವರಿ ಹದವಾಗಿ ನೆನೆಯಲು ಬಿಟ್ಟು, ಒಂದೊಂದಾಗಿ ಬಿಡಿಸಿದಳು. ಗೋಂದೆಲ್ಲ ಒರೆಸಿ, ಖಾಲಿ ತಗಡನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಆಮೇಲೆ ನನ್ನ ಬೆರಳುಗಳನ್ನೂ ಒರೆಸಿದಳು.

ಕೂತು ನೆನಪು ಮಾಡಿಕೊಂಡೆ. ಹಾಲಿನಂಗಡಿ, ಹೊಲಿಗೆಯಂಗಡಿ, ಶಾಲೆ, ವಕೀಲರು, ಬೀಗ ರಿಪೇರಿಯವನು. ಸತ್ತವರ ಹೆಸರು ಕೂಡ ಬರೆದುಕೊಟ್ಟಿದ್ದೇನೆ. ಇವಳದು ಬರೆದಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಮಾರ್ಚ್ ೧೧, ಬುಧವಾರ

ಹಡಗು ಬಂದರಿನಲ್ಲಿ ನಿಂತಿದೆ. ಎಲ್ಲರೂ ಊರು ನೋಡಲು ಇಳಿದುಹೋದರು. ಮೊಣಕಾಲು ನೋವೆಂದು ನಾನು ಉಳಿದೆ. ಮೊಣಕಾಲಿಗೆ ಏನೂ ಆಗಿಲ್ಲ.

ಮೇಜಿನ ಮೇಲೆ ನೀರಿನ ಲೋಟ ಇದೆ. ನೀರು ಅಲ್ಲಾಡುತ್ತಿಲ್ಲ. ದಪ್ಪ ಹಗ್ಗಗಳಲ್ಲಿ ಕಟ್ಟಿಹಾಕಿದ ಹಡಗು ಕಲ್ಲಿನ ಹಾಗೆ ನಿಂತಿದೆ. ಶುಕ್ರವಾರದ ಪುಟ ತೆರೆದು ಈ ಪುಟದ ಪಕ್ಕ ಇಟ್ಟು ನೋಡಿದೆ. ಅದೇ ಸೊಟ್ಟ, ಅದೇ ನಡುಕ.

ಇದು ಯಾರೂ ಓದದ ಪುಸ್ತಕ, ಬರೆದೇ ಬಿಡುತ್ತೇನೆ. ನನ್ನ ಕೊನೆಯ ಬೋರ್ಡು ಒಬ್ಬ ಹಲ್ಲಿನ ಡಾಕ್ಟರದು. ಮೊದಲ ಅಕ್ಷರದ ತಲಕಟ್ಟು ಎಳೆಯುವಾಗ ಕೈ ನಡುಗಿ ಗೆರೆ ಎರೆಹುಳದ ಹಾಗೆ ಹರಿಯಿತು. ಸೀಮೆಎಣ್ಣೆಯಲ್ಲಿ ಒರೆಸಿದೆ. ಮತ್ತೆ ಎಳೆದೆ, ಮತ್ತೆ ಒರೆಸಿದೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸಲವಾಗಿತ್ತು. ನಿಮ್ಮ ಬೋರ್ಡಿಗೆ ನನಗೆ ಪುರುಸೊತ್ತಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿಕೊಳ್ಳಿ ಎಂದು ಡಾಕ್ಟರಿಗೆ ಹೇಳಿಕಳಿಸಿದೆ. ಮರುದಿನ ಬೀಗ ಹಾಕಿದೆ. ಊರೆಲ್ಲ ಬ್ಯಾನರುಗಳನ್ನು ಬೈದುಕೊಂಡು ಓಡಾಡಿದೆ. ಜನ ಅಯ್ಯೋ ಪಾಪ, ಎಂಥ ಕಲಾವಿದ, ಕಾಲ ಕೆಟ್ಟುಹೋಯಿತು ಅಂದರು. ಅದೇ ಬೇಕಿತ್ತು ನನಗೆ. ಕೈ ಕೆಟ್ಟುಹೋಯಿತು ಅಂದಿದ್ದರೆ ತಡೆಯುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಉಗಿದದ್ದರಲ್ಲಿ ಅರ್ಧ ಈ ಬಲಗೈಯ ಮೇಲೇ ಉಗಿದದ್ದು. ನೋಡಿದರೆ ಹೇಸಿಗೆಯಾಗುತ್ತದೆ, ಬೇರೆ ಯಾರದೋ ಕೈ ನನ್ನ ತೋಳಿಗೆ ಸಿಕ್ಕಿಸಿದ ಹಾಗೆ.

ಬ್ರಷ್ ಎಲ್ಲಿಟ್ಟಿದ್ದಾಳೋ ಎಂದು ಇವಳ ಚೀಲ ತಡಕಿದೆ. ಸುಮ್ಮನೆ ನೋಡೋಣ ಎಂದು. ಮೂರು ಬ್ರಷ್ ಇದ್ದವು. ಮೂರರ ಹಿಡಿಗೂ ಬಟ್ಟೆಯ ಪಟ್ಟಿ ಸುತ್ತಿ, ದಪ್ಪ ಮಾಡಿ, ಹೊಲಿದಿದ್ದಾಳೆ. ಪೆದ್ದಿ. ಬ್ರಷ್ಷಿಗೇನು ಚಳಿಯಾಗುತ್ತದೆಯೇ? ಜೊತೆಗೆ ನನ್ನ ಕೋಲು, ಬರೆಯುವಾಗ ಬಲಗೈ ಊರಲು ಅಡ್ಡ ಹಿಡಿಯುವಂಥದ್ದು. ಅದರ ತುದಿಯ ಬಟ್ಟೆಯ ಉಂಡೆ ಹರಿದುಹೋಗಿತ್ತು, ಹೊಸದು ಕಟ್ಟಿದ್ದಾಳೆ. ಬಣ್ಣ ಮಾತ್ರ ಶಾಲೆ ಮಕ್ಕಳು ಹಚ್ಚುವ ನೀರಿನ ಬಣ್ಣ. ನನಗೆ, ನೀರಿನ ಬಣ್ಣ!

ಬ್ರಷ್ ಹಿಡಿದೆ. ದಪ್ಪ ಹಿಡಿ ಬೆರಳುಗಳ ನಡುವೆ ಸರಿಯಾಗಿ ಕೂತಿತು. ಏನೋ ಅದೃಷ್ಟ.

ಬಾಗಿಲಿಂದ ತಗಡು ತೆಗೆದು ಮೇಜಿಗೆ ಒರಗಿಸಿದೆ. ಮೊದಲ ಗೆರೆ ಎಳೆದರೆ ಬಣ್ಣ ಹತ್ತಲೇ ಇಲ್ಲ, ಹನಿಹನಿಯಾಗಿ ಸಿಡಿದು ಕೂತಿತು. ನಿನ್ನೆ ಹಚ್ಚಿದ ಎಣ್ಣೆ ಇನ್ನೂ ಇತ್ತು. ಎಣ್ಣೆ ಮೈ ಮೇಲೆ ನೀರಿನ ಬಣ್ಣ ನಿಲ್ಲದು ಎಂಬುದು ಬ್ರಷ್ ಹಿಡಿದ ಮೊದಲ ದಿನ ಕಲಿಯುವ ಮಾತು, ಅದನ್ನೂ ಮರೆತಿದ್ದೆ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೊಳೆದೆ. ಮತ್ತೆ ಕೂತೆ. ಇವಳ ಹೆಸರು ಮೂರೇ ಅಕ್ಷರ. ಮೂರಕ್ಷರಕ್ಕೆ ಮೂರು ಗಂಟೆ ಹಿಡಿಯಿತು. ಆರು ಸಲ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಏಳನೆಯದನ್ನು ಒರೆಸಲಿಲ್ಲ. ಚೆನ್ನಾಗಿದೆಯೆಂದಲ್ಲ, ಸಾಕಾಗಿತ್ತು. ತಲಕಟ್ಟು ಮೂರೂ ನಡುಗಿವೆ. ಮೊದಲ ಅಕ್ಷರ ದೊಡ್ಡದಾಗಿ ಶುರುಮಾಡಿ, ಕೊನೆಯದು ಜಾಗ ಸಾಲದೆ ಅಂಚಿಗೆ ಒತ್ತಿಕೊಂಡು ನಿಂತಿದೆ, ತುಂಬಿದ ಬಸ್ಸಿನ ಮೆಟ್ಟಿಲ ಮೇಲಿನ ಪ್ರಯಾಣಿಕನ ಹಾಗೆ. ನನ್ನ ಹತ್ತಿರ ಕಲಿಯಲು ಬಂದ ಯಾರಾದರೂ ಹೀಗೆ ಬರೆದಿದ್ದರೆ ಕೋಲಿನಿಂದಲೇ ಬೆರಳ ಗಂಟಿಗೆ ಕೊಡುತ್ತಿದ್ದೆ.

ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೇನೆ. ಸಂಜೆ ಬಂದವಳು ಬಾಗಿಲಲ್ಲಿ ಬೋರ್ಡು ಕಾಣದೆ ಒಂದು ಗಳಿಗೆ ನಿಂತಳು. ಕಿತ್ತು ಬಿಸಾಕಿದೆನೆಂದುಕೊಂಡಳೋ ಏನೋ. ಕೇಳಲಿಲ್ಲ.

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಬೋರ್ಡನ್ನು ಬಾಗಿಲಿಗೆ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ. ಎಂಟು ಗಂಟೆಗೆ ಮಗಳು, ಅಳಿಯ, ಭಾವಮೈದುನ ಶುಭಾಶಯ ಹೇಳಲು ಬಂದರು. ಬಾಗಿಲು ತಟ್ಟುವ ಸದ್ದು ಕೇಳಿಸಲೇ ಇಲ್ಲ. ಹೊರಗೆ ಪಿಸುಪಿಸು ಮಾತು. ಹೆಂಡತಿ ಬಾಗಿಲು ತೆಗೆದಳು, ನಾನು ಅವಳ ಹಿಂದೆ.

“ಭಾವ, ಇದು ನೀವೇ ಬರೆದದ್ದಾ?” ಅಂದ ಭಾವಮೈದುನ. ನಗುತ್ತಿರಲಿಲ್ಲ.

ಹೆಂಡತಿ ಹೊರಗೆ ಬಂದು ತಿರುಗಿ ನೋಡಿದಳು. ಓದಿದಳು. ಮೂರಕ್ಷರ ಓದಲು ಅಷ್ಟು ಹೊತ್ತು ಯಾರಿಗೂ ಬೇಡ.

“ಅಪ್ಪ, ಬರೀವಾಗ ಹಡಗು ತುಂಬಾ ಅಲ್ಲಾಡ್ತಿತ್ತಾ?” ಅಂದಳು ಮಗಳು, ಹುಷಾರಾಗಿ.

“ಹೂಂ ಕಣೇ,” ಅಂದಳು ನನ್ನ ಹೆಂಡತಿ, ತಟ್ಟನೆ. “ನಿನ್ನೆ ಭಾರೀ ಅಲೆ. ಕೂತಲ್ಲಿ ಕೂರೋಕಾಗ್ತಿರ್ಲಿಲ್ಲ ಅವ್ರಿಗೆ.”

ನಿನ್ನೆಯಿಡೀ ಇವಳು ಮಗಳ ಜೊತೆಗೇ ಊರು ಸುತ್ತುತ್ತಿದ್ದಳು. ಬಂದರಿನಲ್ಲಿ ಅಲೆ ಇರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಲವತ್ತು ವರ್ಷದಲ್ಲಿ ನನ್ನೆದುರು ಇವಳು ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಇವತ್ತು ನನಗೋಸ್ಕರ, ಕಣ್ಣು ಮಿಟುಕಿಸದೆ, ಇಡೀ ಸಮುದ್ರವನ್ನೇ ಅಲ್ಲಾಡಿಸಿಬಿಟ್ಟಳು. ನನಗೆ ನನ್ನ ಮೇಲೇ ಎಂಥ ಅಸಹ್ಯವಾಯಿತೆಂದರೆ, ಬಾಯಿ ತಾನಾಗಿ ತೆರೆಯಿತು.

“ಹಡಗು ಕಟ್ಟಿಹಾಕಿತ್ತು. ಅಲೆಯೂ ಇಲ್ಲ, ಮಣ್ಣೂ ಇಲ್ಲ. ನಂಗೆ ಕೈ ನಡುಗುತ್ತೆ. ಎರಡು ವರ್ಷ ಆಯ್ತು. ಅಂಗಡಿ ಮುಚ್ಚಿದ್ದು ಅದಕ್ಕೇ.”

ಜೇಬಿನಿಂದ ಕೈ ತೆಗೆದು ಎಲ್ಲರ ಮುಂದೆ ಹಿಡಿದೆ. ಅದೂ ಸಂಕೋಚವಿಲ್ಲದೆ ಚೆನ್ನಾಗಿ ನಡುಗಿ ತೋರಿಸಿತು. ಮಗಳ ಕಣ್ಣು ತುಂಬಿತು. ಅಳಿಯ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ ಎಂದು ಶುರುಮಾಡಿದ. ಭಾವಮೈದುನ ಬಾಯಿ ಮುಚ್ಚಿದ. ನಲವತ್ತು ವರ್ಷದಲ್ಲಿ ಮೊದಲ ಸಲ.

“ಎರಡು ವರ್ಷ ಅಲ್ಲ. ಎರಡು ವರ್ಷದ ಮೇಲೆ ನಾಲ್ಕು ತಿಂಗಳು,” ಅಂದಳು ಹೆಂಡತಿ.

“ನಿಂಗೆ ಗೊತ್ತಿತ್ತಾ?”

“ಇನ್ನೇನು? ಅರ್ಧ ಲೋಟ ಟೀ ಯಾಕೆ ಕೊಡ್ತಿದ್ದೆ ಅಂದ್ಕೊಂಡ್ರಿ?”

“ಜಿಪುಣತನ ಅಂದ್ಕೊಂಡಿದ್ದೆ.”

ಅವಳಿಗೆ ನಗು ಬಂತು, ಆ ನಗುವಿನಲ್ಲೇ ಅಳುವೂ ಬಂತು. ಮೂಗು ಸೆರಗಿಗೆ ಒರೆಸಿಕೊಂಡಳು, ಅದೂ ಎಲ್ಲರೆದುರು. “ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಹೇಳೋಕೆ ಇಷ್ಟು ದೂರ, ಸಮುದ್ರದ ಮಧ್ಯಕ್ಕೆ ಬರ್ಬೇಕಾಯ್ತು,” ಅಂದಳು. ಆಮೇಲೆ ಅಂಚಿಗೆ ಒತ್ತಿಕೊಂಡಿದ್ದ ಆ ಕೊನೆಯ ಅಕ್ಷರವನ್ನು ಬೆರಳಿನಿಂದ ಮುಟ್ಟಿದಳು. “ನಿಮ್ಮ ಹೆಸರೆಲ್ಲಿ?”

“ಜಾಗ ಸಾಲ್ಲಿಲ್ಲ.”

“ಸರಿ ಬಿಡಿ. ನನ್ನದೊಂದೇ ಇರ್ಲಿ,” ಅಂದಳು. ದಿನವಿಡೀ ಏನಾದರೂ ನೆಪ ಮಾಡಿ ಬಾಗಿಲ ಹೊರಗೆ ಹೋಗಿ ಬರುತ್ತಿದ್ದಳು. ಕನ್ನಡಕ ಮರೆತೆ, ಚಪ್ಪಲಿ ಮರೆತೆ, ಎಂದು.

ಮಾರ್ಚ್ ೧೫, ಭಾನುವಾರ

ಇವತ್ತು ಇಳಿಯುವುದು. ಚಂದದ ಬಾಗಿಲಿಗೆಂದು ಹಡಗಿನವರು ಕೊಡುವ ಬಹುಮಾನ ಆಕ್ಟೋಪಸ್ಸಿಗೆ ಹೋಯಿತು. ಹೋಗಲೇಬೇಕು, ಇಲ್ಲಿಯವರ ರುಚಿಯೇ ಅಷ್ಟು. ಓಣಿಯ ತುಂಬ ಹರಿದ ಕಾಗದ, ಗಾಳಿ ಬಿಟ್ಟ ಬಲೂನು, ಬಾಲ ಮುರಿದ ಪ್ಲಾಸ್ಟಿಕ್ ಮೀನು. ತುಟಿ ಚಾಚಿದ ದಂಪತಿಯ ಫೋಟೋ ಕಸದ ಚೀಲದಿಂದ ಇಣುಕುತ್ತಿದೆ. ಕ್ಯಾಬಿನ್ ಗುಡಿಸುವವನು ನಮ್ಮ ಬಾಗಿಲ ಮುಂದೆ ನಿಂತು, “ಇದನ್ನೂ ಬಿಸಾಕ್ಲಾ ಸಾರ್?” ಎಂದು ಬೋರ್ಡಿಗೆ ಕೈ ಹಾಕಿದ. ಅವನ ಕೈ ತಟ್ಟಿಯೇಬಿಟ್ಟೆ. ಪಾಪ, ಬೆಚ್ಚಿಬಿದ್ದ. ಹೆಂಡತಿ ಅದನ್ನು ಬಟ್ಟೆಗಳ ನಡುವೆ ಸುತ್ತಿಟ್ಟು ಚೀಲಕ್ಕೆ ಹಾಕಿಕೊಂಡಳು, ನೀರು ತಾಗದ ಹಾಗೆ.

ಊರಿಗೆ ಹೋದ ಮೇಲೆ ಇನ್ನೊಂದು ತಗಡು ಕತ್ತರಿಸಬೇಕಂತೆ, ನನ್ನ ಹೆಸರಿಗೆ. ಈ ಸಲ ಬಿಳಿ ನಾನೇ ಬಳಿಯುತ್ತೇನೆ. ಇವಳ ಗೆರೆಗೆರೆ ಬಿಳಿ ನೋಡಲಾರೆ. ಅಂಗಡಿಯ ಬೀಗದ ಕೈ ಇವಳ ಹತ್ತಿರವೇ ಇದೆ, ಈಸಿಕೊಳ್ಳಬೇಕು.

ಇಳಿಯುವ ಮುಂಚೆ ಕೊನೆಯ ತಿಂಡಿ. ಬಡಿಸುವವನು ಅಭ್ಯಾಸಬಲದಿಂದ ನನಗೆ ಅರ್ಧ ಲೋಟ ಸುರಿದು ನಿಲ್ಲಿಸಿದ. “ಪೂರ್ತಿ ಹಾಕಪ್ಪ,” ಅಂದಳು ನನ್ನ ಹೆಂಡತಿ. ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು, ಅಂಗಿಯ ಮೇಲೂ ಚೆಲ್ಲಿತು. ಭಾವಮೈದುನ ನೋಡಿದ, ಪಕ್ಕದ ಮೇಜಿನವರು ನೋಡಿದರು. ನೋಡಲಿ.

ಟೀ ಮಾತ್ರ ಥೂ, ಶುದ್ಧ ಕಲಗಚ್ಚು. ಇನ್ನೊಂದು ಲೋಟ ಹಾಕಿಸಿಕೊಂಡೆ, ತುಂಬ.